ಮೇಷ್ಟ್ರ ಬದಿಯ ಬ್ರೇಕು

ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಎರಡು ಬ್ರೇಕುಗಳಿರುತ್ತವೆ. ಒಂದು ಕಲಿಯುವವರ ಕಾಲಡಿ, ಇನ್ನೊಂದು ಪಕ್ಕದಲ್ಲಿ ಕೂರುವ ಮೇಷ್ಟ್ರ ಕಾಲಡಿ. ನಮ್ಮ ಮೇಷ್ಟ್ರು ಆ ಎರಡನೆಯ ಬ್ರೇಕಿನ ಮೇಲೆ ಬಲಗಾಲಿಟ್ಟುಕೊಂಡೇ ಆಯುಷ್ಯ ಸವೆಸಿದವರು. ಮನೆಯಲ್ಲಿ ಮಗಳು ನೀರಿನ ಲೋಟವನ್ನು ಮೇಜಿನ ಅಂಚಿನಲ್ಲಿಟ್ಟರೆ ಸಾಕು, ಅವರ ಬಲಗಾಲು ತಾನಾಗಿಯೇ ನೆಲವನ್ನು ಒತ್ತುತ್ತಿತ್ತು. ಹೆಂಡತಿ ಬದುಕಿದ್ದಾಗ ಅದನ್ನು ನೋಡಿ, "ಇದೇನು ಮನೆಯೋ, ನಿಮ್ಮ ಕಾರೋ?" ಎಂದು ನಗುತ್ತಿದ್ದಳು.

ಹೆಂಡತಿ ಹೋಗಿ ವರ್ಷಗಳಾದವು. ಉಳಿದವಳು ಮಗಳೊಬ್ಬಳೇ. ಇಪ್ಪತ್ತು ದಾಟಿದರೂ ಮನೆಯಲ್ಲಿ ಅವಳು ಇನ್ನೂ ಪುಟ್ಟಿ. ಚಿಕ್ಕಂದಿನಲ್ಲೇ ಡಾಕ್ಟರು, "ಇದಕ್ಕೆ ಆಟಿಸಂ ಅಂತಾರೆ. ಕಾಯಿಲೆ ಅಲ್ಲ, ಇವಳ ಮಿದುಳು ಕೆಲಸ ಮಾಡೋ ರೀತೀನೇ ಬೇರೆ" ಎಂದಿದ್ದರು. ಆ ಮಾತನ್ನು ಮೇಷ್ಟ್ರು ಅರ್ಧ ನಂಬಿದರು, ಬೀದಿಯವರು ಅಷ್ಟೂ ನಂಬಲಿಲ್ಲ.

ಪುಟ್ಟಿ ಮಾತಾಡುವುದೇ ಕಡಿಮೆ. ಆಡುವ ಮಾತಿನಲ್ಲಿ ಮುಕ್ಕಾಲು ಪಾಲು ಒಂದೇ ಮಾತು: "ಸರಿಯಿಲ್ಲ." ಅಪ್ಪನ ಕಾಲರಿನ ಮೇಲೆ ಚಹಾದ ಚುಕ್ಕೆ ಇದ್ದರೆ, ಸರಿಯಿಲ್ಲ. ಅಂಗಿ ಬದಲಿಸುವವರೆಗೂ ಬಾಗಿಲಿಗೆ ಅಡ್ಡ ನಿಂತಿರುತ್ತಿದ್ದಳು. ನೆಂಟರ ಮದುವೆಯಲ್ಲೊಮ್ಮೆ ಊಟದ ಮೇಜಿನ ಬಟ್ಟೆಗೆ ಎಣ್ಣೆಯ ಕಲೆಯಾಗಿದೆಯೆಂದು, ಬಡಿಸಿಟ್ಟ ತಟ್ಟೆಗಳ ಸಮೇತ ಅದನ್ನು ಎಳೆದುಬಿಟ್ಟಳು. ಆಮೇಲೆ ಆ ನೆಂಟರು ಇವರನ್ನು ನಾಮಕರಣಕ್ಕೂ ಕರೆಯಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರನ್ನು ನೀವು ನೋಡಿದ್ದೀರಿ. ಇವಳು ಹಾಗಲ್ಲ, ನಾಲ್ಕು ಕಾಲಿದ್ದರೆ ನಾಲ್ಕೇ ಅನ್ನುವವಳು. ಊರೆಲ್ಲ ಸೇರಿ ಮೂರು ಎಂದು ಒಪ್ಪಿಕೊಂಡಾಗಲೂ ನಾಲ್ಕೇ ಅನ್ನುವವಳು. ತಾಪತ್ರಯ ಇದ್ದದ್ದೇ ಅಲ್ಲಿ.

ಹೀಗಿರುವಾಗ ಮೇಷ್ಟ್ರ ಎದೆ ಕೈಕೊಟ್ಟಿತು. ಆಸ್ಪತ್ರೆಯಿಂದ ಹೊರಬರುವಾಗ ಡಾಕ್ಟರು, "ಇನ್ನು ಕಲಿಯೋರ ಪಕ್ಕ ಕೂತು ಬೆಚ್ಚಿ ಬೀಳೋದು ಸಾಕು" ಎಂದರು. ಬೆಚ್ಚಿ ಬೀಳುವುದೇ ಕಸುಬಾಗಿದ್ದವರಿಗೆ ಅದು ನಿವೃತ್ತಿಯ ಆದೇಶ. ಶಾಲೆಯವರು ಅವರಷ್ಟೇ ಹಳತಾಗಿದ್ದ ಕಾರೊಂದನ್ನು ಅವರಿಗೇ ಬಿಟ್ಟುಕೊಟ್ಟರು. ಅದು ಮನೆ ಮುಂದೆ ಬಂದು ನಿಂತದ್ದು ಮತ್ತೆ ಕದಲಲಿಲ್ಲ.

ನೋಡಲು ಬಂದ ತಂಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ನೇರವಾಗಿ ವಿಷಯಕ್ಕೆ ಬಂದಳು.

"ಅಣ್ಣ, ನಾಳೆ ನಿಂಗೇನಾದ್ರೂ ಆದ್ರೆ ಪುಟ್ಟೀನ ಬೀದೀಲಿ ಬಿಡೋಳಲ್ಲ ನಾನು. ಆದ್ರೆ ಬೆಳಗ್ಗೆಯಿಂದ ಸಂಜೆ ತನಕ ಇವಳ 'ಸರಿಯಿಲ್ಲ' ಕೇಳ್ಕೊಂಡು ಕೂರೋಕೆ ನನ್ನ ಕೈಲಾಗಲ್ಲ. ಎಲ್ಲಾದ್ರೂ ಒಂದು ಕೆಲಸಕ್ಕೆ ಸೇರಿಸು. ಹಗಲು ಅಲ್ಲಿರ್ಲಿ, ರಾತ್ರಿ ಮಲಗೋಕೆ ನಮ್ಮನೇಲಿ ಕೋಣೆ ಇದೆ."

ಮೇಷ್ಟ್ರಿಗೆ ಸಿಟ್ಟು ಬಂತು. ಆದರೆ ತಂಗಿ ಹೇಳಿದ್ದರಲ್ಲಿ ಸುಳ್ಳೇನಿತ್ತು? ಅಂದಿನಿಂದ ಅವರಿಗೆ ಒಂದೇ ಧ್ಯಾನ. ತಾನು ಕಣ್ಣು ಮುಚ್ಚುವುದರೊಳಗೆ ಪುಟ್ಟಿಗೊಂದು ಕೆಲಸ ಸಿಗಬೇಕು.

ಹೀಗೆ ಅವರು ಕನ್ನಡಕದ ಅಂಗಡಿಯ ಮೇಲಿನ ಕೋಣೆಯ ಮೆಟ್ಟಿಲು ಹತ್ತಿದರು. ಮೊದಲು ನೃತ್ಯದ ಶಾಲೆಯಾಗಿದ್ದ ಆ ಕೋಣೆಯ ಒಂದು ಗೋಡೆ ಪೂರ್ತಿ ಕನ್ನಡಿ. ತಮ್ಮನ್ನೇ ನೋಡಿಕೊಂಡು ಮಾತಾಡಲಾರದ ಮಕ್ಕಳಿಗಾಗಿ ಅದರ ಮೇಲೆ ಕಂದು ಕಾಗದ ಅಂಟಿಸಿದ್ದರು. ಪುಟ್ಟಿಯಂಥ ಹುಡುಗ ಹುಡುಗಿಯರಿಗೆ ಅಲ್ಲಿ ಸಂದರ್ಶನ ಎದುರಿಸುವುದನ್ನು ಕಲಿಸುತ್ತಿದ್ದರು. ಕಲಿಸುವ ಟೀಚರ್ ಇನ್ನೂ ಚಿಕ್ಕ ವಯಸ್ಸಿನವಳು, ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಅವಳ ಕ್ರಮವೇ ವಿಚಿತ್ರ. ಮಕ್ಕಳನ್ನು ಸೇರಿಸಲು ಬಂದ ಅಪ್ಪ ಅಮ್ಮಂದಿರ ಹತ್ತಿರ ಅವಳು ಮಕ್ಕಳ ಒಳ್ಳೆಯ ಗುಣ ಕೇಳುತ್ತಿರಲಿಲ್ಲ.

"ಮೊದಲು ದೂರು ಹೇಳಿ" ಎಂದಳು. "ಹೊಟ್ಟೇಲಿರೋದೆಲ್ಲ ಬರ್ಲಿ. ಏನಕ್ಕೆ ಬೈಸ್ಕೋತಾರೋ ಅದರೊಳಗೇ ಇವರ ಶಕ್ತಿ ಇರುತ್ತೆ."

ದೂರಿಗೆ ಬರವೇ? ಮೇಷ್ಟ್ರು ಕಾಲರಿನಿಂದ ಶುರುಮಾಡಿ ಮದುವೆಯ ಮೇಜಿನ ಬಟ್ಟೆಯವರೆಗೂ ಹೇಳಿ ನೀರು ಕುಡಿದರು. ಟೀಚರ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಬಳಿಕ ಪುಟ್ಟಿಯ ಕಡೆ ತಿರುಗಿ, "ತಟ್ಟೆ ಬಿದ್ದಿದ್ದಕ್ಕೆ ಭಯ ಆಯ್ತಾ?" ಎಂದು ಕೇಳಿದಳು.

ಪುಟ್ಟಿ ಕಂದು ಕಾಗದವನ್ನು ನೋಡುತ್ತ, "ಕಲೆ ಇತ್ತು" ಎಂದಳು.

"ನೋಡಿ ಮೇಷ್ಟ್ರೇ" ಎಂದಳು ಟೀಚರ್, "ನೂರು ಜನ ಬೈದ್ರೂ ಇವಳು ಕಂಡಿದ್ದನ್ನ ಕಂಡಿಲ್ಲ ಅನ್ನಲ್ಲ. ನಿಮಗಿರಲಿ, ನಂಗೂ ಇಲ್ಲ ಆ ಧೈರ್ಯ."

ಮೇಷ್ಟ್ರಿಗೆ ಇದು ಬಾಯಿಮಾತಿನ ಬೆಲ್ಲ ಅನ್ನಿಸಿತು. ಆದರೆ ಆ ಕೋಣೆಯಲ್ಲಿ ಲಿಫ್ಟುಗಳ ವಿಷಯ ಬಿಟ್ಟು ಬೇರೆ ಮಾತೇ ಆಡದ ಹುಡುಗನೊಬ್ಬನಿದ್ದ. ಅವನ ತಾಯಿಯ ದೂರೂ ಅದೇ ಆಗಿತ್ತು. ಲಿಫ್ಟ್ ರಿಪೇರಿ ಕಂಪನಿಯೊಂದು ಅವನನ್ನು ಫೋನ್ ಎತ್ತುವ ಕೆಲಸಕ್ಕೆ ತೆಗೆದುಕೊಂಡಾಗ ಮೇಷ್ಟ್ರ ಎದೆಯಲ್ಲೂ ಸಣ್ಣ ಆಸೆ ಹುಟ್ಟಿತು. ಹುಟ್ಟದಿದ್ದರೆ ಚೆನ್ನಾಗಿತ್ತೇನೋ.

ಮಳೆಗಾಲ ಮುಗಿಯುವ ಹೊತ್ತಿಗೆ ಟೀಚರ್ ಪುಟ್ಟಿಗೊಂದು ಜಾಗ ಹುಡುಕಿದಳು. ದೊಡ್ಡ ಆಸ್ಪತ್ರೆಯ ಲಾಂಡ್ರಿ. ಒಗೆದು ಒಣಗಿದ ಹಾಸಿಗೆ ಬಟ್ಟೆಗಳು ಅಲ್ಲಿ ಒಂದು ಉದ್ದ ಮೇಜಿಗೆ ಬರುತ್ತವೆ. ಮೇಜಿನ ಹಿಂದೆ ನಿಂತವರು ಒಂದೊಂದನ್ನೇ ಬಿಡಿಸಿ ನೋಡಬೇಕು. ಕಲೆಯಿದ್ದರೆ, ಹರಿದಿದ್ದರೆ ಪಕ್ಕದ ಕೆಂಪು ತೊಟ್ಟಿಗೆ ಹಾಕಬೇಕು, ಚೆನ್ನಾಗಿದ್ದರೆ ಮಡಚಿಡಬೇಕು.

"ಮ್ಯಾನೇಜರ್ ಹತ್ರ ಮಾತಾಡಿದೀನಿ" ಎಂದಳು ಟೀಚರ್. "ನಿಮ್ಮ ಬಗ್ಗೆ ಹೇಳಿ, ಐದು ವರ್ಷದ ನಂತರ ಎಲ್ಲಿರ್ತೀರಿ, ಆ ಥರ ಪ್ರಶ್ನೆ ಯಾವುದೂ ಕೇಳಲ್ಲ. ಮೇಜಿನ ಹತ್ರ ನಿಲ್ಲಿಸಿ ಕೆಲಸ ಕೊಡ್ತಾರೆ, ಅದೇ ಇಂಟರ್‌ವ್ಯೂ. ಪುಟ್ಟಿ ಅಲ್ಲಿ ಪುಟ್ಟಿ ಥರಾನೇ ಇರ್ಲಿ. ನೀವು ಹೊಸದೇನೂ ಹೇಳ್ಕೊಡಬೇಡಿ."

"ಮ್ಯಾನೇಜರ್ ಮುಖಕ್ಕೇ 'ಸರಿಯಿಲ್ಲ' ಅಂದ್ಬಿಟ್ರೆ?"

"ಅನ್ನಲಿ ಅಂತಾನೇ ಕರೀತಿರೋದು."

ಟೀಚರ್ ಬೇರೆ ಕೆಲಸದ ಜಾಗಗಳನ್ನು ಹುಡುಕಲು ಹೊರಟಳು, ತರಗತಿಗೆ ರಜೆ ಸಿಕ್ಕಿತು. ಮೇಷ್ಟ್ರು ಮನೆಗೆ ಬಂದು ತಲೆ ಮೇಲೆ ಕೈ ಹೊತ್ತು ಕೂತರು. ಈ ಟೀಚರ್ ಹುಡುಗಿಗೇನು ಗೊತ್ತು, ಎಷ್ಟು ಇನ್ಸ್‌ಪೆಕ್ಟರುಗಳನ್ನು ನೋಡಿದ್ದಾಳೆ? ಲೈಸೆನ್ಸ್ ಪರೀಕ್ಷೆಗೆ ಅವರು ಕರೆದೊಯ್ದವರಲ್ಲಿ ಒಬ್ಬ ಅಡುಗೆಯವನಿದ್ದ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಗಾಡಿ ಓಡಿಸುತ್ತಿದ್ದ. ಪರೀಕ್ಷೆಯ ದಿನ ಇನ್ಸ್‌ಪೆಕ್ಟರು, "ಇಲ್ಲೇ ತಿರುಗಿಸು" ಎಂದಾಗ, "ಇಲ್ಲಿ ತಿರುಗಿಸಬಾರದು ಸರ್, ಬೋರ್ಡ್ ಇದೆ" ಎಂದ. ಫೇಲ್. ಅವತ್ತಿನಿಂದ ಮೇಷ್ಟ್ರು ತಮ್ಮ ಎಲ್ಲ ಶಿಷ್ಯರಿಗೂ ಒಂದೇ ಪಾಠ ಹೇಳುತ್ತಿದ್ದರು: ಇನ್ಸ್‌ಪೆಕ್ಟರು ಏನು ಹೇಳಿದರೂ 'ಸರಿ ಸರ್' ಅನ್ನು, ಮಾಡು, ಲೈಸೆನ್ಸ್ ಕೈಗೆ ಬಂದ ಮೇಲೆ ನಿನ್ನ ಬುದ್ಧಿ ಉಪಯೋಗಿಸು. ಆ ಪಾಠದಿಂದ ಪಾಸಾದವರು ಊರ ತುಂಬ ಗಾಡಿ ಓಡಿಸುತ್ತಿದ್ದರು. ನೌಕರಿ ಕೊಡುವವನೂ ಒಬ್ಬ ಇನ್ಸ್‌ಪೆಕ್ಟರೇ ತಾನೇ?

ಮರುದಿನ ಬೆಳಗ್ಗೆ ಪುಟ್ಟಿಯನ್ನು ಕಾರಿನ ಸ್ಟೀರಿಂಗಿನ ಮುಂದೆ ಕೂರಿಸಿದರು. ಆ ಸೀಟಿನಲ್ಲಿ ಕೂತರೆ ಅವಳ ಮನಸ್ಸು ತಣ್ಣಗಿರುತ್ತಿತ್ತು. ತಾವು ಪಕ್ಕದಲ್ಲಿ ತಮ್ಮ ಜಾಗದಲ್ಲಿ ಕೂತು, ಶಾಲೆಯ ಹಳೆಯ ಗುರುತಿನ ಕಾರ್ಡನ್ನು ಕೊರಳಿಗೆ ಹಾಕಿಕೊಂಡರು.

"ಪುಟ್ಟಿ, ಈಗ ನಾನು ಅಪ್ಪ ಅಲ್ಲ. ಕೊರಳಲ್ಲಿ ಕಾರ್ಡ್ ಇರೋರು ಏನು ಹೇಳಿದ್ರೂ 'ಸರಿ ಸರ್' ಅನ್ನಬೇಕು. ಗೊತ್ತಾಯ್ತಾ?" ಎಂದು ಚಹಾ ಚೆಲ್ಲಿದ ಟವೆಲೊಂದನ್ನು ಅವಳ ಕೈಗೆ ಕೊಟ್ಟರು. "ಇದು ಕ್ಲೀನಾಗಿದೆ. ಮಡಚು."

"ಸರಿಯಿಲ್ಲ."

"ಸರಿ ಸರ್ ಅನ್ನು."

"ಸರಿಯಿಲ್ಲ ಅಪ್ಪ. ಕಲೆ."

"ಸರ್ ಅನ್ನು. ಮಡಚು."

ಮೊದಲ ದಿನ ಅವಳು ಟವೆಲನ್ನು ಕಿಟಕಿಯಿಂದ ಆಚೆ ಎಸೆದಳು. ಆಮೇಲೆ ಒಂದು ದಿನ ತನ್ನ ಮಣಿಕಟ್ಟನ್ನೇ ಕಚ್ಚಿಕೊಂಡಳು, ಹಲ್ಲಿನ ಗುರುತು ಸಂಜೆಯವರೆಗೂ ಇತ್ತು. ಮೇಷ್ಟ್ರು ಆ ಗುರುತಿಗೆ ಎಣ್ಣೆ ಸವರಿದರು, ಆದರೆ ಪಾಠ ಬಿಡಲಿಲ್ಲ. ಕ್ಲಚ್ ಬಿಡುವುದನ್ನು ಕಲಿಸುವಾಗ ಅತ್ತವರು ಎಷ್ಟು ಜನ! ಅಳು ಕಂಡು ಬಿಟ್ಟಿದ್ದರೆ ಯಾರು ಕಲಿಯುತ್ತಿದ್ದರು? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ತಂಗಿ ಆಡಿಕೊಳ್ಳುತ್ತಿದ್ದಳಲ್ಲ, ಬಗ್ಗಿಸಿ ತೋರಿಸುತ್ತೇನೆ ಎಂಬ ಹಟವೂ ಸೇರಿಕೊಂಡಿತು. ಹಟ ಪುಟ್ಟಿಗೆ ಎಲ್ಲಿಂದ ಬಂತೆಂದು ಯಾರೂ ದೂರ ಹೋಗಿ ಹುಡುಕಬೇಕಾಗಿರಲಿಲ್ಲ.

ರಜೆ ಮುಗಿಯುವ ಮೊದಲೇ ಒಂದು ಮಧ್ಯಾಹ್ನ ಪುಟ್ಟಿ ಟವೆಲನ್ನು ನೋಡಿದಳು, ಕಾರ್ಡನ್ನು ನೋಡಿದಳು, ಕಣ್ಣು ಮುಚ್ಚಿಕೊಂಡಳು. "ಸರಿ ಸರ್" ಎಂದಳು. ಕಲೆ ಒಳಗೆ ಹೋಗುವಂತೆ ಟವೆಲನ್ನು ಮಡಚಿ ಅಪ್ಪನ ತೊಡೆಯ ಮೇಲಿಟ್ಟಳು. ಮೇಷ್ಟ್ರು ಅವಳ ತಲೆ ನೇವರಿಸುತ್ತ ಗಳಗಳನೆ ಅತ್ತರು. ಅದು ಸಂತೋಷದ ಅಳು. ಅಷ್ಟು ಸಂತೋಷ ಅವರಿಗೆ ಆ ಮನೆಯಲ್ಲಿ ಬಹುಕಾಲದಿಂದ ಆಗಿರಲಿಲ್ಲ.

ಲಾಂಡ್ರಿಯೊಳಗೆ ಕಾಲಿಟ್ಟರೆ ಬಿಸಿಗಾಳಿ ಮುಖಕ್ಕೆ ಬಡಿಯುತ್ತಿತ್ತು. ಗೋಡೆಯುದ್ದಕ್ಕೂ ಆಳೆತ್ತರದ ಯಂತ್ರಗಳು ಗುಡುಗುಡು ತಿರುಗುತ್ತಿದ್ದವು. ಮ್ಯಾನೇಜರು ತೆಳ್ಳಗಿನ, ನಿದ್ದೆಗೆಟ್ಟ ಕಣ್ಣಿನ ಮನುಷ್ಯ. ಕೊರಳಲ್ಲಿ ನೀಲಿ ದಾರದ ಕಾರ್ಡು. ಅವನು ಪುಟ್ಟಿಯನ್ನು ಪ್ರಶ್ನೆ ಕೇಳಲಿಲ್ಲ, ಮುಖ ನೋಡಿ ಮಾತಾಡು ಎನ್ನಲಿಲ್ಲ. "ಬಾಮ್ಮ" ಎಂದು ಮೇಜಿನ ಹತ್ತಿರ ಕರೆದೊಯ್ದು ಕೆಂಪು ತೊಟ್ಟಿಯನ್ನು ತೋರಿಸಿದ. ಟೀಚರೂ ಮೇಷ್ಟ್ರೂ ಬಾಗಿಲ ಬಳಿ ನಿಂತರು.

ಪುಟ್ಟಿ ಕೆಲಸ ಶುರುಮಾಡಿದಳು. ಅವಳು ಬಟ್ಟೆಯನ್ನು ಕೊಡವಿ ಹರಡುವುದು, ಅಂಗೈಯನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಒಯ್ಯುವುದು, ನಿಲ್ಲುವುದು, ಬೆಳಕಿಗೆ ಎತ್ತಿ ಹಿಡಿಯುವುದು ಎಲ್ಲವನ್ನೂ ಮ್ಯಾನೇಜರು ಕೈಕಟ್ಟಿ ನೋಡಿದ. ಒಂದು ಬಟ್ಟೆ ತೊಟ್ಟಿಗೆ ಹೋಯಿತು. ನಾಲ್ಕಾರು ಮಡಚಿಕೊಂಡವು. ಇನ್ನೊಂದು ತೊಟ್ಟಿಗೆ ಹೋಯಿತು, ಹಾಗೇ ತೊಟ್ಟಿ ಅರ್ಧ ತುಂಬಿತು. ಅವಳ ತುಟಿ ಅಲುಗುತ್ತಿತ್ತು. ಅವಳು ಖುಷಿಯಾಗಿದ್ದಾಗ ಮಾತ್ರ ಹಾಗೆ ಅಲುಗುತ್ತಿತ್ತೆಂದು ಮೇಷ್ಟ್ರಿಗೆ ಗೊತ್ತಿತ್ತು. ಟೀಚರ್ ಅವರ ತೋಳು ಚಿವುಟಿ, "ಸಿಕ್ಕಿತು ಅಂದ್ಕೊಳ್ಳಿ" ಎಂದು ಪಿಸುಗುಟ್ಟಿದಳು.

ಆಗ ಮ್ಯಾನೇಜರು ತೊಟ್ಟಿಯಿಂದ ಒಂದು ಬಟ್ಟೆಯನ್ನು ಎತ್ತಿ ಮೇಜಿನ ಮೇಲೆ ಹರಡಿದ. ನಡುವೆ ಕಂದು ಬಣ್ಣದ, ಕೈಯಗಲದ ಕಲೆ.

"ಇದು ಪರವಾಗಿಲ್ಲಮ್ಮ. ವಾರ್ಡಿನೋರು ಅರ್ಜೆಂಟ್ ಅಂತಿದಾರೆ. ಮಡಚಿಡು."

ಪುಟ್ಟಿಯ ಕೈ ಬಟ್ಟೆಯ ಮೇಲೆ ನಿಂತಿತು. ಅವಳು ಕಲೆಯನ್ನು ನೋಡಿದಳು. ನೀಲಿ ದಾರದ ಕಾರ್ಡನ್ನು ನೋಡಿದಳು. ಬಳಿಕ ತಿರುಗಿ ಬಾಗಿಲ ಬಳಿ ನಿಂತ ಅಪ್ಪನನ್ನು ನೋಡಿದಳು. ಮೇಷ್ಟ್ರು ತಲೆಯಾಡಿಸಿದರು. ಹೂಂ, ಅನ್ನು ಅಂತ.

"ಸರಿ ಸರ್."

ಮಡಚಿದಳು. ಮ್ಯಾನೇಜರು ಇನ್ನೊಂದನ್ನು ಎತ್ತಿಕೊಟ್ಟ, ಹರಿದದ್ದು. ಸರಿ ಸರ್. ಅವನು ನಂಬಲಾರದೆ ತೊಟ್ಟಿಯನ್ನೇ ಮೇಜಿನ ಮೇಲೆ ಸುರಿದ. ಪುಟ್ಟಿಯ ತುಟಿ ಅಲುಗುವುದು ನಿಂತಿತ್ತು, ಆದರೂ ಒಂದೊಂದನ್ನೇ ಅಂಚಿಗೆ ಅಂಚು ಕೂಡಿಸಿ ಮಡಚಿದಳು. ಎಲ್ಲಾ ಕಲೆಗಳೂ ಒಳಗೆ ಹೋದವು. ಟೀಚರ್ ಮೇಷ್ಟ್ರ ಮುಖವನ್ನು ನೋಡಿದಳು. ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಮ್ಯಾನೇಜರು ಹೊರಗೆ ಬಂದು ಬೇಸರದಿಂದಲೇ ಮಾತಾಡಿದ. "ನೋಡಿ ಸರ್, ಹೊಟ್ಟೆ ಕುಯ್ದಿರೋರು ಇದ್ರ ಮೇಲೆ ಮಲಗ್ತಾರೆ. ಬಟ್ಟೆ ಸಾಲದೆ ಬಂದಾಗ ಇದ್ದದ್ದು ಕಳಿಸಿ ಅಂತ ವಾರ್ಡಿನೋರು ಕೂಗಾಡ್ತಾರೆ, ಆಗ ನಾನೇ ಹೂಂ ಅಂದ್ಬಿಡ್ತೀನಿ. ತಲೆಯಾಡಿಸೋ ಕೋಲೆ ಬಸವಗಳು ನನ್ನ ಹತ್ರ ಬೇಕಾದಷ್ಟಿವೆ. ನನಗೇ ಇಲ್ಲ ಅನ್ನೋ ಒಬ್ರು ಬೇಕಾಗಿತ್ತು. ಈ ಟೀಚರಮ್ಮ ಅಂಥೋಳೇ ಇದಾಳೆ ಅಂದಿದ್ರು."

"ಅದು ನಾನು ಹೇಳ್ಕೊಟ್ಟಿದ್ದು!" ಮೇಷ್ಟ್ರು ಅವನಿಗೆ ಅಡ್ಡ ನಿಂತರು. "ಅವಳು ಹಾಗಲ್ಲ ಸರ್, ನಾನು ಗಿಣಿಪಾಠ ಮಾಡ್ಸಿದೆ. ಇನ್ನೊಂದು ಸಲ ನೋಡಿ, ನಾನು ಮನೇಲಿರ್ತೀನಿ, ಬರೋದೇ ಇಲ್ಲ."

"ನೀವು ಹೇಳ್ಕೊಟ್ರಿ, ಕಲ್ತ್ಲು. ನಾಳೆ ವಾರ್ಡಿನೋರು ಹೇಳ್ಕೊಡ್ತಾರೆ." ಅವನು ಕೈ ಮುಗಿದು ಒಳಗೆ ಹೋದ.

ಟೀಚರ್ ಬೈಯಲಿಲ್ಲ. ಬೈದಿದ್ದರೆ ಮೇಷ್ಟ್ರಿಗೆ ಉಸಿರಾಡಲು ಜಾಗ ಸಿಗುತ್ತಿತ್ತು. "ಬೇರೆ ಕಡೆ ನೋಡೋಣ" ಎಂದಳು. ಆದರೆ ಏನು ತೋರಿಸಿ ನೋಡುವುದು? ಇದ್ದ ಒಂದು ಶಕ್ತಿಯನ್ನು ಅಪ್ಪನೇ ಕಾರಿನಲ್ಲಿ ಕೂರಿಸಿ ಇಳಿಸಿಬಂದಿದ್ದ.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದವರಾದರೂ ಮಣ್ಣನ್ನು ಮತ್ತೆ ಕಲಸಬಹುದು. ಮೇಷ್ಟ್ರು ಅದನ್ನೇ ಮಾಡಹೊರಟರು. ಮನೆಗೆ ಬಂದದ್ದೇ ಶಾಲೆಯ ಆ ಹಳೆಯ ಕಾರ್ಡನ್ನು ಪುಟ್ಟಿಯ ಕಣ್ಣೆದುರೇ ಕತ್ತರಿಯಿಂದ ತುಂಡು ತುಂಡು ಮಾಡಿ, "ಮುಗೀತು ಪುಟ್ಟಿ. ಇನ್ನು 'ಸರಿ ಸರ್' ಅನ್ನಬೇಡ" ಎಂದರು.

"ಸರಿ ಸರ್" ಎಂದಳು ಪುಟ್ಟಿ.

ಮೇಷ್ಟ್ರು ಕಲೆಯ ಟವೆಲು ತಂದು ಮುಂದೆ ಹಿಡಿದರು, ಮಡಚಿಟ್ಟಳು. ಕಾಲರಿಗೆ ಬೇಕೆಂದೇ ಚಹಾ ಸುರಿದುಕೊಂಡು ಹೊರಗೆ ಹೊರಟರು, ಅವಳು ಬಾಗಿಲಿನಿಂದ ಸರಿದು ದಾರಿ ಬಿಟ್ಟಳು. ಬೇಡಿಕೊಂಡರು, ಗದರಿದರು. ಕಾರಿನಲ್ಲಿ ಕೂರಿಸಿ ಹೊಸ ಪಾಠ ಹೇಳಿಕೊಟ್ಟರು, ಅದಕ್ಕೂ 'ಸರಿ ಸರ್' ಎಂದಳು. ಮೊದಲ ಪಾಠದ ದಿನ ಕಾರ್ಡು ಅಪ್ಪನ ಕೊರಳಲ್ಲೇ ಇತ್ತಲ್ಲ! ಅಪ್ಪನಿಗೇ ಎದುರಾಡಬಾರದೆಂದ ಮೇಲೆ ಮಿಕ್ಕವರಿಗೆ ಹೇಗೆ ಎದುರಾಡುವುದು? ಅವಳ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರೆ. ಮೇಷ್ಟ್ರ ಒಲೆ ಹಗಲೂ ರಾತ್ರಿ ಉರಿಯಿತು. ಅಂದಿನಿಂದ ಅವಳು ಅವರನ್ನು ಅಪ್ಪ ಎಂದು ಕರೆಯಲೇ ಇಲ್ಲ.

ಖುಷಿಪಟ್ಟವಳು ತಂಗಿ ಒಬ್ಬಳೇ. ಒಂದು ಬೆಳಗ್ಗೆ ಬಂದವಳು ಪುಟ್ಟಿಗೆ, "ಆ ಚೀಲ ಎತ್ಕೊಂಡು ಬಾ" ಎಂದಳು. ಪುಟ್ಟಿ ತಂದಳು. "ಕಾಫಿ ಮಾಡು." ಮಾಡಿದಳು. ತಂಗಿ ಬೆರಗಿನಿಂದ ಗಲ್ಲದ ಮೇಲೆ ಬೆರಳಿಟ್ಟುಕೊಂಡಳು.

"ಏನಣ್ಣ ಇದು, ಬಂಗಾರದಂಥ ಹುಡುಗಿ ಆಗ್ಬಿಟ್ಟಿದಾಳೆ! ಹೇಳಿದ್ದು ಕೇಳೋದಾದ್ರೆ ಕೆಲಸ ಗಿಲಸ ಯಾಕೆ ಬೇಕು? ಈಗ್ಲೇ ಕಳಿಸು ನಮ್ಮನೆಗೆ. ನಿಂಗೂ ಆರಾಮ, ನಂಗೂ ಒಂದು ಕೈ ಸಹಾಯ."

ಮೇಷ್ಟ್ರು ಆಗೋದಿಲ್ಲ ಅಂದರು. ಅದಾಗಿ ಕೆಲವೇ ದಿನಕ್ಕೆ ಎದೆ ಮತ್ತೆ ಹಿಡಿದುಕೊಂಡಿತು. ಈ ಸಲ ಡಾಕ್ಟರು ಅವರನ್ನು ಬಿಟ್ಟು ತಂಗಿಯನ್ನು ಪಕ್ಕಕ್ಕೆ ಕರೆದು ಮಾತಾಡಿದರು. ಆಸ್ಪತ್ರೆಯ ಮಂಚದ ಮೇಲೆ, ಬಿಳಿ ಹಾಸಿಗೆ ಬಟ್ಟೆಯಲ್ಲಿ ಕಲೆ ಹುಡುಕುತ್ತ ಮಲಗಿದ್ದ ಮೇಷ್ಟ್ರು ಸಂಜೆಯ ಹೊತ್ತಿಗೆ ಹೂಂ ಅಂದರು.

ಪುಟ್ಟಿ ಅತ್ತೆಯ ಮನೆ ಸೇರಿದಳು. ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೆ ಅವಳ ಉಳಿದ ಬಟ್ಟೆಗಳನ್ನು ಚೀಲದಲ್ಲಿ ತುಂಬಿಕೊಂಡು ಮೇಷ್ಟ್ರು ಅಲ್ಲಿಗೆ ಹೋದರು. ಮುಂಬಾಗಿಲು ತೆರೆದಿತ್ತು. ತಂಗಿ ಸೋಫಾದ ಮೇಲೆ ನಿದ್ದೆ ಹೋಗಿದ್ದಳು. ಅಡುಗೆಮನೆಯಿಂದ ನಲ್ಲಿಯ ಸದ್ದು ಬರುತ್ತಿತ್ತು.

ಪುಟ್ಟಿ ಪಾತ್ರೆ ತೊಳೆಯುತ್ತಿದ್ದಳು. ಪಾತ್ರೆಗಳೆಲ್ಲ ಆಗಲೇ ಥಳಥಳ ಹೊಳೆಯುತ್ತಿದ್ದವು. ತೊಳೆದದ್ದನ್ನು ಎತ್ತಿ ಮತ್ತೆ ತೊಳೆಯುತ್ತಿದ್ದಳು. ಬೆರಳ ತುದಿಗಳು ನೆನೆದು ಬೆಳ್ಳಗೆ ಸುಕ್ಕಾಗಿದ್ದವು. ಒಂದು ಬೆರಳಿನ ಸಂದಿಯಲ್ಲಿ ಚರ್ಮ ಬಿರಿದು ಕೆಂಪಾಗಿತ್ತು.

"ಪುಟ್ಟಿ, ಎಷ್ಟು ಹೊತ್ತಿಂದ ತೊಳೀತಿದೀಯಾ?"

"ಅತ್ತೆ ಸಾಕು ಅಂದಿಲ್ಲ."

ಮೇಷ್ಟ್ರು ನಲ್ಲಿ ನಿಲ್ಲಿಸಿ ಅವಳ ಒದ್ದೆ ಕೈಗಳನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡರು. ತಾನು ಇನ್ನೆಷ್ಟು ದಿನ? ಆಮೇಲೆ ಇವಳಿಗೆ ಸಾಕು ಅನ್ನುವವರು ಯಾರು? ಮೊದಲಾದರೆ ಜಗತ್ತೇ ಎದುರು ನಿಂತರೂ ಇವಳೇ ಅನ್ನುತ್ತಿದ್ದಳು.

"ಇಲ್ಲಿ ನೋಡು ಮಗಳೇ. ಹೀಗೆ ತೊಳೀತಾ ನಿಲ್ಲೋದು, ಇದು ಸರಿಯಿದೆಯಾ? ನೀನು ಏನಂದ್ರೂ ಬೈಯಲ್ಲ. ನಿಂಗೆ ಅನ್ಸಿದ್ದು ಹೇಳು, ಒಂದೇ ಒಂದು ಸಲ."

ಪುಟ್ಟಿ ತನ್ನ ಬಿರಿದ ಬೆರಳನ್ನು ನೋಡಿದಳು. ತುಟಿ ಒಮ್ಮೆ ತೆರೆದು ಮುಚ್ಚಿತು. ಬಳಿಕ ಇನ್ನೊಂದು ಅಂಗೈಯಿಂದ ಆ ಬೆರಳನ್ನು ಮುಚ್ಚಿಕೊಂಡಳು, ಟವೆಲಿನ ಕಲೆಯನ್ನು ಒಳಗೆ ಮಡಚುತ್ತಿದ್ದ ಹಾಗೆಯೇ.

"ಸರಿಯಿದೆ ಸರ್" ಎಂದಳು.

ಸೋಫಾದ ಮೇಲಿಂದ ತಂಗಿಯ ನಿದ್ದೆ ಮಂಪರಿನ ಧ್ವನಿ ಬಂತು, "ಪುಟ್ಟಿ, ನಲ್ಲಿ ಯಾಕೆ ನಿಂತೋಯ್ತು?" ಪುಟ್ಟಿ ಅಪ್ಪನ ಕೈಯಿಂದ ಕೈ ಬಿಡಿಸಿಕೊಂಡು ನಲ್ಲಿ ತಿರುಗಿಸಿದಳು. ಮೇಷ್ಟ್ರ ಬಲಗಾಲು ಅಡುಗೆಮನೆಯ ನೆಲವನ್ನು ಒತ್ತಿತು, ಮತ್ತೆ ಮತ್ತೆ ಒತ್ತಿತು.